ಬಾವಿ ಡಬ್ಬಿ, ಗೊರಕೆ ಡಬ್ಬಿ, ಅಳುವ ಡಬ್ಬಿ

ಸಿಂಧನೂರು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ದೊಡ್ಡ ಗಿಟಾರ್ ವಾದಕ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ಯಾರೂ ಅಲ್ಲಗಳೆಯುವಂತಿಲ್ಲ. ಯಾಕೆಂದರೆ ಅವನು ಬಾರಿಸಿದ್ದನ್ನು ಯಾರೂ ಕೇಳಿಯೇ ಇರಲಿಲ್ಲ! ಗಿಟಾರನ್ನು ನೋಡಿದವರು ಬೇಕಾದಷ್ಟು ಜನ. ಅದಕ್ಕೆ ಅವನು ವೈರು ಸಿಗಿಸುವುದನ್ನು, ವೈರು ಬಿಚ್ಚುವುದನ್ನು, ಹಲ್ಲಿನಿಂದ ವೈರಿನ ಸಿಪ್ಪೆ ಸುಲಿಯುವುದನ್ನು ನೋಡಿದವರು ಅರ್ಧ ಊರು. ಆದರೆ ಒಂದೇ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿದವರು? ಇದ್ದರೆ ಕೈ ಎತ್ತಲಿ, ನೋಡೋಣ!

ಇದು ಎಂಬತ್ತರ ದಶಕದ ಮಾತು. ಮಾವ ಸಿಂಧನೂರಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ನಾವು ಲಿಂಗಸುಗೂರಿನವರು. ಕಾಲೇಜಿಗೆ ರಜೆ ಬಿದ್ದ ಕೂಡಲೇ ಅವ್ವ ತಮ್ಮನ ಮನೆಗೆ ಹೊರಡುತ್ತಿದ್ದಳು, ಅವಳ ಹಿಂದೆ ನಾನು. ಮಾವನ ಮನೆ ಇದ್ದದ್ದು ಹಿಟ್ಟಿನ ಗಿರಣಿಯ ಹಿಂದುಗಡೆ, ನಡುವೆ ಒಂದೇ ಗೋಡೆ. ಆಚೆ ಜೋಳ ಬೀಸುತ್ತಿದ್ದರೆ ಈಚೆ ಗೂಡಿನಲ್ಲಿಟ್ಟ ಲೋಟಗಳು ತಾವೇ ನಡೆದು ಅಂಚಿಗೆ ಬರುತ್ತಿದ್ದವು.

ಗಿಟಾರ್ ಬಂದದ್ದು ಮದುವೆಗಿಂತ ಮೊದಲು. ಇಲಾಖೆಯವರು ಮಾವನನ್ನು ಟ್ರೇನಿಂಗಿಗೆಂದು ಹೈದರಾಬಾದಿಗೆ ಕಳಿಸಿದ್ದರು. ಉಳಿದವರು ಟ್ರೇನಿಂಗ್ ಮುಗಿಸಿ ಬಳೆ, ಅತ್ತರು ತಂದರೆ, ಇವನು ಒಂದು ಹಳೆಯ ಗಿಟಾರ್ ತಂದ. ಬರೀ ಕಟ್ಟಿಗೆ, ಬರೀ ತಂತಿ. ಅದಕ್ಕೆ ವೈರಿಲ್ಲ, ಪ್ಲಗ್ಗಿಲ್ಲ. ಯಾರೂ ಕಲಿಸಲಿಲ್ಲ, ಕಿವಿಗೆ ಬಿದ್ದದ್ದನ್ನು ತಡಕಾಡಿ ತಡಕಾಡಿ ಬೆರಳಿಗೆ ಇಳಿಸಿಕೊಂಡ. ಆ ದಿನಗಳಲ್ಲಿ ಅವನು ನಿಜವಾಗಿಯೂ ಬಾರಿಸುತ್ತಿದ್ದನಂತೆ. ಅವ್ವ ಹೇಳುತ್ತಾಳೆ, ತಮ್ಮನ ಮೇಲಿನ ಪ್ರೀತಿಯಿಂದ ಹೇಳಿದರೂ ಹೇಳಿರಬಹುದು.

ಮುಕ್ಕುಂದಕ್ಕೆ ಹೆಣ್ಣು ನೋಡಲು ಹೋದಾಗಲೂ ಅವನು ಅದನ್ನು ಬಿಡಲಿಲ್ಲ. ಹೆಣ್ಣು ನೋಡಲು ಹೋಗುವವರು ಹೂವು ಒಯ್ಯುತ್ತಾರೆ, ಹಣ್ಣು ಒಯ್ಯುತ್ತಾರೆ. ಗಿಟಾರ್ ಒಯ್ಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹುಡುಗಿಯ ಅಜ್ಜ ಬಾಗಿಲಲ್ಲೇ ತಡೆದು, "ಇದೇನ್ ತಮ್ಮಾ, ಇಷ್ಟ್ ದೊಡ್ಡ ಕುಂಬಳಕಾಯಿ ಹೊತಗೊಂಡು ಬಂದಿ? ನಮ್ಮ ಹೊಲದಾಗೂ ಬೆಳಿತಾವಲ್ಲ!" ಎಂದನಂತೆ.

ಪದ್ಧತಿಯಂತೆ ಹುಡುಗಿಯನ್ನು ಕೂಡಿಸಿ, "ಒಂದು ಪದ ಹಾಡವ್ವಾ" ಎಂದರು. ಹುಡುಗಿ, ಎಂದರೆ ನಮ್ಮ ಅತ್ತೆ, ಹೆದರಿಕೆಯಲ್ಲಿ ಇದ್ದಬದ್ದ ಹಾಡುಗಳನ್ನೆಲ್ಲ ಮರೆತು ಅಜ್ಜಿಯಿಂದ ಕಲಿತ ಜೋಗುಳ ಶುರು ಮಾಡಿದಳು. ಒಳಗಿನಿಂದ ಒಬ್ಬ ಮುದುಕಿ, "ಅಯ್ಯ ನನ್ನವ್ವಾ, ತಲಿಮ್ಯಾಲೆ ಅಕ್ಕಿಕಾಳು ಬೀಳೂಕಿಂತ ಮೊದ್ಲ ತೊಟ್ಲ ಕಟ್ಟಿದೆಲ್ಲ!" ಎಂದದ್ದೇ ತಡ, ಪಡಸಾಲೆ ತುಂಬ ನಗೆ. ಹುಡುಗಿ ಹಾಡನ್ನು ಅರ್ಧಕ್ಕೇ ಬಿಟ್ಟು ತಲೆ ತಗ್ಗಿಸಿದಳು. ಆಗ ಮಾವ ಕುಂಬಳಕಾಯಿ ಎತ್ತಿಕೊಂಡ. ಅವಳು ಹಾಡಿದ್ದಷ್ಟನ್ನೂ ತಂತಿಯ ಮೇಲೆ ಹಾಗೇ ಬಾರಿಸಿದ. ನಗು ನಿಂತಿತು. ಅಷ್ಟರಲ್ಲಿ ಮಂಡಾಳ, ಎಂದರೆ ಮಂಡಕ್ಕಿ, ಒಗ್ಗರಣೆಯ ತಾಟುಗಳು ಬಂದವು. ನಮ್ಮ ಕಡೆ ಮಂಡಾಳ, ಮಿರ್ಚಿ ಬಂದ ಮೇಲೆ ಸಂಗೀತಕ್ಕೆ ಯಾವ ಕಿಮ್ಮತ್ತು!

"ಉಳಿದದ್ದು?" ಎಂದು ಬಾಗಿಲ ಮರೆಯಿಂದ ಹುಡುಗಿ ಕೇಳಿದಳು.

"ಅದು ನೀ ನಮ್ಮನಿಗೆ ಬಂದಮ್ಯಾಲೆ" ಎಂದ ಮಾವ.

ಅತ್ತೆ ಮನೆಗೆ ಬಂದಳು. ಉಳಿದರ್ಧ ಬರಲಿಲ್ಲ. ಅದರ ಬದಲಿಗೆ ಡಬ್ಬಿಗಳು ಬಂದವು.

"ಗಿರಣಿ ಗದ್ದಲದಾಗ ಇದರ ದನಿ ಕೇಳಂಗಿಲ್ಲ. ಜರಾ ದೊಡ್ಡದು ಮಾಡ್ತೀನಿ, ಆಮ್ಯಾಲೆ ಬಾರಸ್ತೀನಿ" ಎಂದು ಮಾವ ಮೊದಲು ಗಿಟಾರಿನ ಹೊಟ್ಟೆಗೆ ಒಂದು ಮೈಕು ಕೂಡಿಸಿದ. ಮೈಕಿಗೆ ಆಂಪ್ಲಿಫೈಯರ್ ಬೇಕಾಯಿತು. ಲಿಂಗಸುಗೂರಿನಲ್ಲಿ ರೇಡಿಯೊ ರಿಪೇರಿ ಮಾಡುವವನೊಬ್ಬ ವಾಲ್ವುಗಳನ್ನು ಹಾಕಿ ಹಿಟ್ಟಿನ ಡಬ್ಬದಷ್ಟು ದೊಡ್ಡದನ್ನು ಕಟ್ಟಿಕೊಟ್ಟ. ಅಷ್ಟಕ್ಕೆ ಮುಗಿಯಿತೇ? ಗಿರಣಿ ಶುರುವಾದರೆ ಕರೆಂಟು ಇಳಿಯುತ್ತದೆ, ಅದಕ್ಕೊಂದು ಸ್ಟೆಬಿಲೈಜರ್. ಪಟ್ಟಣದ ಆರ್ಕೆಸ್ಟ್ರಾದವರ ಹತ್ತಿರ ಕಾಲಲ್ಲಿ ಒತ್ತುವ ಪೆಟ್ಟಿಗೆಗಳಿವೆ ಎಂದು ಯಾರೋ ಹೇಳಿದರು, ಅವೂ ಬಂದವು. ಅವುಗಳ ಇಂಗ್ಲಿಷ್ ಹೆಸರು ಮಾವನಿಗೆ ಮಾತ್ರ ಗೊತ್ತು. ಅತ್ತೆ ತನ್ನದೇ ನಾಮಕರಣ ಮಾಡಿದ್ದಳು. ದನಿಯನ್ನು ಹತ್ತು ಸಲ ತಿರುಗಿ ಹೇಳುವುದು ಬಾವಿ ಡಬ್ಬಿ. ಗರ್ರ್ ಎನ್ನಿಸುವುದು ಗೊರಕೆ ಡಬ್ಬಿ. ಕುಂಯ್ ಕುಂಯ್ ಎನ್ನಿಸುವುದು ಅಳುವ ಡಬ್ಬಿ. ಈ ಅಳುವ ಡಬ್ಬಿಯನ್ನು ತುಳಿಯಲು ಪೆಡಲು ಬೇಕಾದಾಗ ಮಾವ ಅತ್ತೆಯ ಹೊಲಿಗೆ ಯಂತ್ರದ ಪೆಡಲನ್ನೇ ಬಿಚ್ಚಿಕೊಂಡ. ಓಣಿಯ ಹೆಂಗಸರು ಕುಬುಸ ಹೊಲಿಸಲು ಬಂದರೆ ಅತ್ತೆ, "ಈಗ ಯಂತ್ರ ಅಳಾಕ ಹೋಗೈತ್ರಿ, ಮುಂದಿನ ವಾರ ಬರ್ರಿ" ಎಂದು ಕಳಿಸುತ್ತಿದ್ದಳು.

ಸಂಜೆ ಆಯಿತೆಂದರೆ ಪೂಜೆ ಶುರು. ಚಾಪೆಯ ಮೇಲೆ ಡಬ್ಬಿಗಳು ಸಾಲಾಗಿ ಕೂರುತ್ತವೆ. ಮಾವ ಈ ವೈರು ಅಲ್ಲಿಗೆ, ಆ ವೈರು ಇಲ್ಲಿಗೆ ಸಿಗಿಸುತ್ತಾನೆ. "ಹಲೋ, ಚೆಕ್" ಎನ್ನುತ್ತಾನೆ. ಬಾವಿ ಡಬ್ಬಿ "ಚೆಕ್ ಚೆಕ್ ಚೆಕ್" ಎನ್ನುತ್ತದೆ. ಅತ್ತೆ ಕೈ ಒರೆಸಿಕೊಂಡು ಬಂದು ಗೋಡೆಗೆ ಒರಗಿ ಕೂರುತ್ತಾಳೆ, ಇವತ್ತಾದರೂ ಉಳಿದರ್ಧ ಕೇಳಬಹುದೆಂದು. ಎಲ್ಲವೂ ಬರೋಬ್ಬರಿ ಆಗಿ ಮಾವ ತಂತಿಯ ಮೇಲೆ ಬೆರಳಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುತ್ತದೆ. "ನಾಳೆ" ಎನ್ನುತ್ತಾನೆ ಮಾವ. ಅತ್ತೆ ಎದ್ದು ರೊಟ್ಟಿ ತಟ್ಟಲು ಹೋಗುತ್ತಾಳೆ.

ಹಾಗೆಂದು ಆ ಯಂತ್ರಗಳಿಂದ ಏನೂ ಹುಟ್ಟಲಿಲ್ಲ ಎನ್ನಬೇಡಿ. ವಾಲ್ವಿನ ಆಂಪ್ಲಿಫೈಯರ್ ಸದಾ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಅತ್ತೆ ಹೆಪ್ಪು ಹಾಕಿದ ಹಾಲಿನ ಗಡಿಗೆಯನ್ನು ಅದರ ನೆತ್ತಿಯ ಮೇಲಿಡುತ್ತಿದ್ದಳು. ಅಂಥ ಗಟ್ಟಿ ಮೊಸರನ್ನು ನಾನು ಮತ್ತೆಲ್ಲೂ ತಿಂದಿಲ್ಲ. ನಮ್ಮವ್ವ ಒಮ್ಮೆ ಮೊಸರನ್ನ ಕಲಸುತ್ತಾ, "ಏನ ಅನ್ನಲೇ ತಮ್ಮಾ, ನಿನ್ನ ಸಂಗೀತ ಭಾಳ ರುಚಿ ಐತಿ" ಎಂದಾಗ ಮಾವ ಮಾತ್ರ ನಗಲಿಲ್ಲ.

ಮಸ್ಕಿಯಲ್ಲಿ ಅತ್ತೆಯ ತಮ್ಮನ ಮದುವೆ ಬಂತು. ಮಾವ ಸಂಸಾರ ಸಮೇತ ಹೊರಟ. ಸಂಸಾರ ಎಂದರೆ ಡಬ್ಬಿಗಳು, ಅತ್ತೆ ಜೊತೆಗಿದ್ದಳು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಆಂಪ್ಲಿಫೈಯರ್ ನೋಡಿ, "ಇದೇನ್ರಿ ಸಾಹೇಬ್ರ, ಪಂಪ್‌ಸೆಟ್ಟಾ?" ಎಂದ.

"ಸಂಗೀತದ ಸಾಮಾನಪಾ."

"ಹಂಗಾದ್ರ ಮ್ಯಾಲೆ ಹಾಕ್ರಿ. ಮ್ಯಾಲೆ ಒಂದು ಹೋತ ಐತಿ, ಜೊತಿಗೆ ಹಾಡ್ಕೊಂತ ಬರ್ತದ."

ಮದುವೆಯ ಹಂದರದಲ್ಲಿ ಮಾವ ಅರಿಸಿನ ಶಾಸ್ತ್ರದ ಹೊತ್ತಿಗೆ ವೈರು ಹಾಕಲು ಕೂತವನು ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತರೂ ಎದ್ದಿರಲಿಲ್ಲ. ಕಡೆಗೊಮ್ಮೆ ಎಲ್ಲ ಸ್ವಿಚ್ಚು ಹಾಕಿ, ಕಣ್ಣು ಮುಚ್ಚಿ, ತಂತಿಗೆ ಕೈ ಹಚ್ಚಿದ. ಹಂದರದ ಉದ್ದಕ್ಕೂ ಎಳೆದ ಆ ವೈರು ಎಲ್ಲಿಂದ ಏನನ್ನು ಹಿಡಿಯಿತೋ! ಸ್ಪೀಕರಿನಿಂದ ಗಿಟಾರಿನ ಬದಲು ರೇಡಿಯೊದ ಗಂಭೀರ ದನಿ ಬಂತು: "ರೈತ ಬಾಂಧವರೇ, ಭತ್ತದ ಪೈರಿಗೆ ಕಾಂಡಕೊರಕದ ಬಾಧೆ ಕಂಡುಬಂದಲ್ಲಿ..." ಬಾವಿ ಡಬ್ಬಿ ಬಿಟ್ಟೀತೇ? "ಬಂದಲ್ಲಿ, ಬಂದಲ್ಲಿ, ಬಂದಲ್ಲಿ" ಎಂದು ಹಂದರವನ್ನೆಲ್ಲ ಸುತ್ತಿತು. ಮಾವ ಗಾಬರಿಯಿಂದ ಸ್ವಿಚ್ಚು ಆರಿಸಿದ. ಕೂಡಲೇ ಪಂಕ್ತಿಯಲ್ಲಿದ್ದ ಮುಕ್ಕುಂದದ ರೈತನೊಬ್ಬ ಎಂಜಲುಗೈ ಎತ್ತಿ ಕೂಗಿದ: "ಯಾಕ್ರಿ ಅಳಿಯಂದ್ರ ಬಂದ್ ಮಾಡಿದ್ರಿ? ನಮ್ಮ ಭತ್ತಕ್ಕೂ ಅದ ಹುಳ ಬಿದ್ದೈತಿ. ಔಷಧದ ಹೆಸರು ಬರೂದಿತ್ತು, ಇನ್ನೊಮ್ಮೆ ಹಚ್ರಿ!"

ಗಿಟಾರ್ ಬಾರಿಸಿ 'ಇನ್ನೊಮ್ಮೆ' ಅನ್ನಿಸಿಕೊಂಡದ್ದು ಮಾವನ ಬಾಳಿನಲ್ಲಿ ಅದೊಂದೇ ಸಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ, ಕಾದು ಕಾದು ಎಲ್ಲರೂ ಸುಮ್ಮನಾದ ಮೇಲೆ, ಅತ್ತೆಗೆ ಹೆಣ್ಣುಮಗು ಹುಟ್ಟಿತು. ಬಾಣಂತನ ತವರಿನಲ್ಲಿ, ತೊಟ್ಟಿಲ ಶಾಸ್ತ್ರವೂ ಮುಕ್ಕುಂದದಲ್ಲಿಯೇ. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. ಹಾಗಾಗಿ ನಮ್ಮವ್ವ ಯಾರಿಗೂ ಹೇಳದೆ, ಹೆತ್ತವರಿಗೂ ಹೇಳದೆ, ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದಳು. ಅವಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಉಸುರಬೇಕು, ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಪಧಪ ಗುದ್ದಬೇಕು. ಗುದ್ದುವುದರಲ್ಲಿ ಹಳೆಯ ಲೆಕ್ಕಗಳೂ ಚುಕ್ತಾ ಆಗುತ್ತವೆ ಎಂಬುದು ಬೇರೆ ಮಾತು.

ಮಾವ ಎಲ್ಲ ಡಬ್ಬಿಗಳನ್ನೂ ಹೊತ್ತು ಬಂದಿದ್ದ. ಬಂದವನೇ ಅತ್ತೆಗೆ, "ಇವತ್ತು ತೊಟ್ಟಲ ಮುಂದ ಅದ ಜೋಗುಳ. ಪೂರಾ!" ಎಂದ. ಹಸಿರು ಸೀರೆಯಲ್ಲಿ ಕೂತಿದ್ದ ಅತ್ತೆಯ ಮುಖ ಆ ಹೊತ್ತು ಹೇಗೆ ಅರಳಿತ್ತೆಂದರೆ, ಮಾವನ ಎಲ್ಲ ತಪ್ಪನ್ನೂ ಮನ್ನಿಸಿಬಿಡಬೇಕು ಅನ್ನಿಸಿತು ನನಗೆ. ಆದರೆ ಸ್ವಿಚ್ಚು ಹಾಕಿದ ಕೂಡಲೇ ಮನೆಯ ಫ್ಯೂಸು ಹೋಯಿತು. ಮಾವ ಪಕ್ಕದ ಮನೆಯವರನ್ನು ಕೇಳಿಕೊಂಡು, ಅಲ್ಲಿಂದ ವೈರು ಎಳೆಯಲು ಮಾಳಿಗೆ ಹತ್ತಿದ.

ಹೆಂಗಸರು ಕಾದರು. ಮಗು ಅತ್ತಿತು. "ಹೊತ್ತು ಮೀರಾಕತ್ತೈತಿ" ಎಂದರು ಹಿರಿಯರು. "ಜರಾ ತಡೀರಿ, ಬಂದೇ ಬಿಡ್ತಾರ" ಎಂದಳು ಅತ್ತೆ. ಮತ್ತೆ ಕೇಳಿದಾಗಲೂ ಅದನ್ನೇ ಅಂದಳು. ಮತ್ತೂ ಕೇಳಿದಾಗ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಅವ್ವ ತೊಟ್ಟಿಲಿಗೆ ಬಗ್ಗಿದಳು, ಹೆಸರು ಉಸುರಿದಳು, ಬೆನ್ನಿನ ಮೇಲೆ ಗುದ್ದುಗಳು ಬಿದ್ದವು. ಆಗ ಮಾಳಿಗೆಯ ಬೆಳಕಿಂಡಿಯಿಂದ ಮಾವನ ಗದರಿಕೆ ಇಳಿದು ಬಂತು:

"ಯಾರಲೇ ಅದು ಬಡಿಯೋರು! ಕನೆಕ್ಷನ್ ಅಳ್ಳಾಡಾಕತ್ತೈತಿ, ಜರಾ ಸುಮ್ಮಕಿರ್ರಿ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅತ್ತೆ ನಗಲಿಲ್ಲ. ಮಾವ ಕೆಳಗಿಳಿದು, ಮೈತುಂಬ ಮಣ್ಣು, ಕೈಯಲ್ಲಿ ಪ್ಲಗ್ಗು, "ಕರೆಂಟ್ ಬಂತು, ಇನ್ನ ಶುರು ಮಾಡ್ರಿ!" ಎಂದಾಗ ಹೆಂಗಸರು ಗುಗ್ಗರಿ ತಿನ್ನುತ್ತಿದ್ದರು. ಮಗು ಅಜ್ಜಿಯ ಹೆಗಲ ಮೇಲೆ ಮಲಗಿತ್ತು. ಮಾವ ಖಾಲಿ ತೊಟ್ಟಿಲನ್ನು ನೋಡಿದ, ಅತ್ತೆಯನ್ನು ನೋಡಿದ.

"ಹೆಸರೇನಿಟ್ರಿ?"

"ಕಿವ್ಯಾಗ ಹೇಳೂದು ಆತ್ರಿ" ಎಂದಳು ಅತ್ತೆ. "ಅಷ್ಟು ಸಣ್ಣ ದನಿ ನಿಮಗ ಕೇಳಂಗಿಲ್ಲ ಬಿಡ್ರಿ."

ಹೆಸರನ್ನು ಅವ್ವ ಆಮೇಲೆ ಬಸ್ಸಿಗೆ ಕಾಯುವಾಗ ಅವನಿಗೆ ಹೇಳಿದಳು.

ಅತ್ತೆ ತವರಿನಲ್ಲಿದ್ದ ಆ ತಿಂಗಳುಗಳಲ್ಲಿ ಡಬ್ಬಿಗಳು ಒಂದೊಂದಾಗಿ ಮನೆ ಬಿಟ್ಟವು. ಅಳುವ ಡಬ್ಬಿಯನ್ನೂ ಮೈಕನ್ನೂ ಕೊಂಡ ರೇಡಿಯೊ ರಿಪೇರಿಯವನೇ ದಂಗಾಗಿ, "ಯಾಕ್ರಿ ಸಾಹೇಬ್ರ, ಕೆಟ್ಟಾವೇನ್ರಿ?" ಎಂದು ಕೇಳಿದನಂತೆ. "ಇಲ್ಲಪಾ, ಚೊಲೊ ಅದಾವ, ಅದ ತ್ರಾಸು" ಎಂದನಂತೆ ಮಾವ. ಸ್ಟೆಬಿಲೈಜರ್ ಎದುರು ಮನೆಯ ಹೊಸ ಟಿ.ವಿ.ಗೆ ಹೋಯಿತು. ಬಾವಿ ಡಬ್ಬಿಯನ್ನು ನಾಟಕ ಆಡುವವರು ದೆವ್ವದ ಪಾತ್ರಕ್ಕೆ ಒಯ್ದರು. ಗೊರಕೆ ಡಬ್ಬಿ ಮಾತ್ರ ಯಾರಿಗೂ ಬೇಡವಾಯಿತು. ಕಚೇರಿಯ ಜವಾನನಿಗೆ ಪುಕ್ಕಟೆ ಕೊಡಲು ಹೋದರೆ, "ಬ್ಯಾಡ್ರೀ ಸಾಹೇಬ್ರ, ನಮ್ಮನ್ಯಾಗ ನಮ್ಮಪ್ಪ ಅದಾನ" ಎಂದುಬಿಟ್ಟ. ಹೊಲಿಗೆ ಯಂತ್ರಕ್ಕೆ ಪೆಡಲು ಮರಳಿ ಬಂತು.

ಅತ್ತೆ ಮಗುವನ್ನು ಎತ್ತಿಕೊಂಡು ಸಿಂಧನೂರಿಗೆ ಮರಳಿದ ದಿನ ಅವ್ವನೂ ನಾನೂ ಅಲ್ಲಿದ್ದೆವು. ಮಧ್ಯಾಹ್ನದ ಹೊತ್ತು, ಗಿರಣಿಯವನು ಊಟಕ್ಕೆ ಹೋಗಿದ್ದ. ಅತ್ತೆ ಬೋಳಾದ ಪಡಸಾಲೆಯನ್ನು ನೋಡಿ, "ಡಬ್ಬಿ ಎಲ್ಲ್ಯಾವ್ರಿ?" ಎಂದಳು.

"ಹೋದವು."

"ಮೊಸರಿಂದು?"

"ಅದನ್ನ ಹೆಂಗ ಕೊಡ್ಲಿ?" ಎಂದ ಮಾವ. ಆಂಪ್ಲಿಫೈಯರ್ ಅಡುಗೆಮನೆಯ ಮೂಲೆಯಲ್ಲಿ, ತಲೆಯ ಮೇಲೆ ಗಡಿಗೆ ಹೊತ್ತು ಕೂತಿತ್ತು.

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದರು. ಮಾವ ಅವ್ವನ ಕಡೆ ತಿರುಗಿ, "ಅಕ್ಕಾ, ನಾ ಒಮ್ಮೆ ಹೇಳ್ಲೇನು?" ಎಂದ. "ಹೇಳು. ಆದ್ರ ಬೆನ್ನು ಕೊಡಬೇಕಾಗ್ತೈತಿ" ಎಂದಳು ಅವ್ವ. ಅವನು ಬಗ್ಗಿ ಮಗಳ ಕಿವಿಯಲ್ಲಿ ಹೆಸರು ಉಸುರಿದ. ಅವ್ವ ಮತ್ತು ನಾನು ಸೇರಿ ಗುದ್ದಿದೆವು, ಮನಸಾರೆ ಗುದ್ದಿದೆವು. ಮಾವ ಹೊಡೆತ ತಿನ್ನುತ್ತಾ ಸುಮ್ಮನೆ ಬಗ್ಗಿಯೇ ಇದ್ದ. ಎದ್ದಾಗ ಕಣ್ಣು ಒದ್ದೆಯಾಗಿತ್ತು, ಗುದ್ದಿಗೋ, ಮತ್ಯಾಕೋ.

ಆಮೇಲೆ ಗಿಟಾರ್ ತೆಗೆದುಕೊಂಡ. ವೈರಿಲ್ಲ, ಪ್ಲಗ್ಗಿಲ್ಲ, ಬರೀ ಕಟ್ಟಿಗೆ, ಬರೀ ತಂತಿ. ಜೋಗುಳ ಶುರುವಾಯಿತು. ಅವ್ವ ಹೇಳಿದ್ದು ಸುಳ್ಳಲ್ಲ. ನಮ್ಮ ಮಾವ ಬಾರಿಸಬಲ್ಲವನಾಗಿದ್ದ! ಅರ್ಧದವರೆಗೆ ಬಂದ. ಅಂದು ಮುಕ್ಕುಂದದ ಪಡಸಾಲೆಯಲ್ಲಿ ನಿಂತ ಜಾಗಕ್ಕೆ ಬಂದು ನಿಂತ. ನಾವು ಕಾದೆವು.

"ಯಾಕ್ರಿ?" ಎಂದಳು ಅತ್ತೆ.

"ಮುಂದಿಂದು ನನಗ ಬರಂಗಿಲ್ಲ" ಎಂದ ಮಾವ, ತಲೆ ತಗ್ಗಿಸಿ. "ನೀ ಅವತ್ತು ಹಾಡಿದ್ದ ಅಷ್ಟ. ಪೂರಾ ಬಾರಸ್ತೀನಿ ಅಂತ ಮಾತು ಕೊಟ್ಟಿದ್ದೆ. ಕೇಳಾಕ ನಾಚಿಕಿ ಆಗಿ, ಒಂದೊಂದ ಡಬ್ಬಿ ತರ್ಕೊಂತ ಹೋದೆ. ತೊಟ್ಟಲ ದಿನ ಪೂರಾ ಅಂದದ್ದೂ ಸುಳ್ಳ."

ಇಷ್ಟು ವರ್ಷ! ಅತ್ತೆ ಬೈಯುತ್ತಾಳೆ ಎಂದುಕೊಂಡೆ ನಾನು. ಅವಳು ತೊಟ್ಟಿಲ ಹಗ್ಗ ಹಿಡಿದು, ಅಂದು ಬಿಟ್ಟ ಸಾಲಿನಿಂದಲೇ ಸಣ್ಣ ದನಿಯಲ್ಲಿ ಹಾಡತೊಡಗಿದಳು. ಮಾವ ಒಂದೊಂದೇ ತಂತಿಯನ್ನು ತಡಕುತ್ತಾ ಅವಳ ಹಿಂದೆ ಹಿಂದೆಯೇ ಹೋದ.

ಅಷ್ಟರಲ್ಲಿ ಗೋಡೆಯ ಆಚೆ ಗಿರಣಿ ಶುರುವಾಯಿತು. ಗೂಡಿನ ಲೋಟಗಳು ನಡೆಯತೊಡಗಿದವು, ಅತ್ತೆಯ ದನಿ ಮುಳುಗಿತು. ಅವಳು ಹಾಡು ನಿಲ್ಲಿಸಲಿಲ್ಲ. ಮಾವ ಗಿಟಾರನ್ನು ಎದೆಗವಚಿಕೊಂಡು, ಅವಳ ಹತ್ತಿರ ಸರಿದು ಕೂತ.