ಫೈಲು ಸಣ್ಣ ಮಾಡುವ ದೇಸಾಯರು

ಲೋಕದಲ್ಲಿ ಹೊಟ್ಟೆಕಿಚ್ಚು ಸಾಮಾನ್ಯವಾಗಿ ದೊಡ್ಡದು ಮಾಡಿದವರ ಮೇಲೆ. ದೊಡ್ಡ ಮನೆ ಕಟ್ಟಿಸಿದವರು, ದೊಡ್ಡ ಕಾರು ತಂದವರು, ದೊಡ್ಡ ಹುದ್ದೆಗೇರಿದವರು, ಇಂಥವರನ್ನು ಕಂಡು ಹೊಟ್ಟೆ ಉರಿದುಕೊಳ್ಳುವುದರಲ್ಲಿ ಒಂದು ಮರ್ಯಾದೆಯಾದರೂ ಇದೆ. ನನಗೆ ಆ ಭಾಗ್ಯವೂ ಇಲ್ಲ. ನಾನು ಹೊಟ್ಟೆಕಿಚ್ಚು ಪಡುವುದು ಸಣ್ಣದು ಮಾಡುವವರನ್ನು ಕಂಡು. ಪುಣೆಯ ಬಳಿಯ ಚಿಂಚವಾಡದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ನಮ್ಮ ತಲೆಯ ಮೇಲಿನ ಮನೆಯಲ್ಲೇ ಇರುವ ದೇಸಾಯರು ಊರವರ ಫೈಲುಗಳನ್ನೆಲ್ಲ ಸಣ್ಣ ಮಾಡಿಕೊಡುತ್ತಾರೆ.

ಈಗ ಯಾವ ಅರ್ಜಿ ಹಾಕಲು ಹೋದರೂ ಕಂಪ್ಯೂಟರು ನಿಮ್ಮ ಫೈಲು ದೊಡ್ಡದಾಯಿತೆಂದು ಮೂತಿ ತಿರುವುತ್ತದಲ್ಲ, ಆಗ ಜನ ದೇಸಾಯರ ಮನೆಯ ಗಂಟೆ ಒತ್ತುತ್ತಾರೆ. ಆಧಾರ್, ಪ್ಯಾನ್, ಮನೆಯ ಖರೀದಿಪತ್ರ, ಮಗಳ ಜಾತಕ, ಏನು ಕೊಟ್ಟರೂ ಆದೀತು. ದೇಸಾಯರು ಅದನ್ನು ಯಾವುದೋ ಪುಕ್ಕಟೆ ವೆಬ್‌ಸೈಟಿನ ಬಾಯಿಗೆ ಹಾಕುತ್ತಾರೆ, ಪರದೆಯ ಮೇಲೊಂದು ಚಕ್ರ ತಿರುಗುತ್ತದೆ, ಫೈಲು ಉಪವಾಸ ಮಾಡಿದವರ ಹಾಗೆ ಸೊರಗಿ ಹೊರಬರುತ್ತದೆ. ಅಷ್ಟೇ ವಿದ್ಯೆ. ಆದರೆ ಈ ಸೊಸೈಟಿಯಲ್ಲಿ ತುಂಬಿರುವ ನಮ್ಮ ಧಾರವಾಡದ ಕಡೆಯವರು ಉಪಕಾರ ಮಾಡಿದವರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಹೀಗಾಗಿ ಶೇಂಗಾ ಹೋಳಿಗೆಯ ಡಬ್ಬಿಗಳು ನಮ್ಮ ಬಾಗಿಲ ಮುಂದೆಯೇ ಹಾದು ಮೇಲೆ ಹೋಗುತ್ತವೆ. ನಾನು ತಳೇಗಾಂವದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಒಬ್ಬನಾದರೂ ನನ್ನನ್ನು ಕೇಳಬೇಕಲ್ಲ! ಉರಿಯುತ್ತಿತ್ತು.

ಉರಿ ನೆತ್ತಿಗೇರಿದ್ದು ನನ್ನ ಹೆಂಡತಿ ಪದ್ಮಾ ಅರ್ಜಿ ಹಾಕಲು ಹೊರಟಾಗ. ಮದುವೆಗೆ ಮುಂಚೆ ಆಕೆ ಧಾರವಾಡದಲ್ಲಿ ಗಣಿತ ಕಲಿಸುತ್ತಿದ್ದಳು. ಆಮೇಲೆ ಪುಣೆ, ಮಕ್ಕಳು, ಅಡುಗೆಮನೆ. ಈಗ ಪಿಂಪ್ರಿಯ ಶಾಲೆಯೊಂದು ಶಿಕ್ಷಕರನ್ನು ಕರೆದಿತ್ತು. ಅವಳಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಒಗ್ಗರಣೆ ಹಾಕುತ್ತಲೇ ಹಳೆಯ ಪ್ರಮೇಯಗಳನ್ನು ಬಾಯಿಪಾಠ ಹೇಳುತ್ತಿದ್ದಳು. ಎಲ್ಲ ಪ್ರಮಾಣಪತ್ರಗಳನ್ನೂ ಒಂದೇ ಸಣ್ಣ ಫೈಲು ಮಾಡಿ ಶನಿವಾರದೊಳಗೆ ಕಳಿಸಬೇಕಿತ್ತು.

“ನಾ ಮಾಡಿಕೊಡ್ತೀನಿ,” ಎಂದೆ.

“ನಿಮಗ್ಯಾಕ ತ್ರಾಸ? ದೇಸಾಯರು ಕಣ್ಣು ಮಿಟುಕಿಸೋದ್ರಾಗ ಮಾಡಿಕೊಡ್ತಾರ್ರೀ,” ಎಂದಳು. ಕಟ್ಟಿಕೊಂಡ ಹೆಂಡತಿಯೇ!

ದೇವರು ನನ್ನ ಮೊರೆ ಕೇಳಿದನೆಂದು ತೋರುತ್ತದೆ. ಮರುದಿನ ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರು ವಿಭಾಗದ ಹುಡುಗಿಯೊಬ್ಬಳು ಎಲ್ಲರನ್ನೂ ಕೂರಿಸಿ ಬುದ್ಧಿ ಹೇಳಿದಳು. ಇಂಥ ವೆಬ್‌ಸೈಟಿಗೆ ಫೈಲು ಹಾಕಿದರೆ ಅದು ಗುರುತು ಪರಿಚಯವಿಲ್ಲದವರ ಕಂಪ್ಯೂಟರಿಗೆ ಹೋಗುತ್ತದಂತೆ. ಸ್ವಲ್ಪ ಹೊತ್ತಿಗೆ ಅಳಿಸುತ್ತೇವೆಂದು ಅವರು ಬರೆದಿರುತ್ತಾರೆ, ಅಳಿಸಿದರೋ ಇಲ್ಲವೋ ನೋಡಿಬಂದವರು ಯಾರು? ನಮ್ಮ ಸಹಿ, ಫೋಟೋ, ಹುಟ್ಟಿದ ದಿನ ಎಲ್ಲ ಅಲ್ಲೇ ಉಳಿದು ಯಾರ ಕೈ ಸೇರುತ್ತವೋ ಹೇಳಲಾಗದು. ಕೇಳಿದವರ ಮುಖ ಕಪ್ಪಿಟ್ಟವು. ನನಗೆ ಮಾತ್ರ ಹಬ್ಬದ ಊಟ ಉಂಡಷ್ಟು ಸಂತೋಷವಾಯಿತು.

ಮನೆಗೆ ಬಂದವನೇ ಪದ್ಮಾಳನ್ನು ಹೆದರಿಸಿ, ಚಹಾ ಕೂಡ ಕುಡಿಯದೆ ಮಹಡಿ ಹತ್ತಿದೆ. ದೇಸಾಯರು ವಾದಿಸುತ್ತಾರೆ, ನಾನು ಮಣ್ಣು ಮುಕ್ಕಿಸಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ. ಆ ಪುಣ್ಯಾತ್ಮರು ಎದೆಯ ಮೇಲೆ ಕೈಯಿಟ್ಟುಕೊಂಡು, “ಹೌದೇನ್ರಿ ಕುಲಕರ್ಣಿಯವರ? ಎಂಥಾ ಕೆಲಸ ಆತು ನೋಡ್ರಿ! ಭಾಳ ಉಪಕಾರ ಮಾಡಿದ್ರಿ,” ಎಂದುಬಿಟ್ಟರು. ಇದೊಂದು ಜಗಳವೇ?

ಅಷ್ಟಕ್ಕೇ ಬಿಡಲಿಲ್ಲ. ಮನೆಮನೆಗೆ ಹೋಗಿ, “ನನ್ನಿಂದ ತಪ್ಪಾಗ್ಯದ, ಯಾರರ ಫೋನ್ ಮಾಡಿ ಏನರ ಕೇಳಿದ್ರ ಹೇಳಬ್ಯಾಡ್ರಿ,” ಎಂದು ಕೈಮುಗಿದರು. ಜನ ಬೈಯುತ್ತಾರೆಂದು ನಾನು ಕಿಟಕಿಗೆ ಕಿವಿ ಕೊಟ್ಟು ಕೂತರೆ, ಎಂಥ ಪ್ರಾಮಾಣಿಕ ಮನುಷ್ಯ ಎಂದು ಕೊಂಡಾಡಿದರು! ಮೇಲಾಗಿ, ಇಂಟರ್ನೆಟ್ಟೇ ಬೇಡದೆ ತಮ್ಮ ಕಂಪ್ಯೂಟರಿನೊಳಗೇ ಫೈಲು ಸಣ್ಣ ಮಾಡುವ ಸಾಫ್ಟ್‌ವೇರೊಂದನ್ನು ಅವರು ಹಾಕಿಸಿಕೊಂಡರು. ಇತ್ತ ನಾನು ಹಟಕ್ಕೆ ಬಿದ್ದು ಸಣ್ಣ ಮಾಡಿದ ಪದ್ಮಾಳ ಅಂಕಪಟ್ಟಿಯಲ್ಲಿ ಅಂಕಗಳೇ ಕಾಣಿಸುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಆಕೆ ಕಾಗದಗಳನ್ನು ಎತ್ತಿಕೊಂಡು ಮೇಲೆ ಹೋದಳು. ಅರ್ಜಿ ಹೋಯಿತು.

ಮುಂದೆ ಸೊಸೈಟಿಯವರಿಗೆ ಮೋಸದ ಫೋನುಗಳು ಬರತೊಡಗಿದವು. ಆ ವೆಬ್‌ಸೈಟಿನಿಂದಲೇ ಬಂದವೋ ಇಲ್ಲವೋ ದೇವರೇ ಬಲ್ಲ. ದೇಸಾಯರು ಎಚ್ಚರಿಸಿದ್ದರಿಂದ ಯಾರೂ ಬಲೆಗೆ ಬೀಳಲಿಲ್ಲ. ಬದಲಿಗೆ ಲಿಫ್ಟಿನ ಹತ್ತಿರ ನಿಂತು, ಅವನು ಹೀಗೆ ಕೇಳಿದ, ನಾನು ಹಾಗೆ ಝಾಡಿಸಿದೆ ಎಂದು ಮೀಸೆ ತಿರುವುತ್ತಿದ್ದರು. ನನಗೆ ಒಂದೂ ಫೋನು ಬರಲಿಲ್ಲ. ಹೊಟ್ಟೆಕಿಚ್ಚಿನಿಂದ ದೇಸಾಯರಿಗೆ ಒಂದು ಚೀಟಿಯನ್ನೂ ಕೊಟ್ಟವನಲ್ಲವಲ್ಲ! ನಿಜ ಹೇಳುತ್ತೇನೆ, ಕಳ್ಳರಿಗೂ ಬೇಡವಾದೆನಲ್ಲ ಎಂದು ಸಂಕಟವಾಯಿತು.

ಮೊನ್ನೆ ಸಂಜೆ ಪದ್ಮಾ ಭಾಜಿ-ತರಕಾರಿ ತರಲು ಹೋಗಿದ್ದಾಗ ನನ್ನ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಒಬ್ಬ ಹೆಂಗಸು ಮರಾಠಿಯಲ್ಲಿ, ಪದ್ಮಾ ಕುಲಕರ್ಣಿಯವರ ಕಾಗದಪತ್ರದ ವಿಷಯ, ಅವರ ಹುಟ್ಟಿದ ದಿನ ಒಮ್ಮೆ ಹೇಳುತ್ತೀರಾ ಎಂದಳು. ಬಂತಲ್ಲ ನನ್ನ ಪಾಲಿನ ಕಳ್ಳಿ! ದೇಸಾಯರಿಗೆ ಕೇಳಿಸಲಿ ಎಂದು ಬಾಲ್ಕನಿಗೆ ಓಡಿಹೋಗಿ, ನನಗೆ ತಿಳಿದ ಮರಾಠಿಯನ್ನೆಲ್ಲ ಖರ್ಚು ಮಾಡಿ ಆಕೆಯ ಮಾನ ಹರಾಜು ಹಾಕಿದೆ. ಪೊಲೀಸರ ಹೆಸರನ್ನೂ ಹೇಳಿ ಫೋನಿಟ್ಟೆ.

ಪದ್ಮಾ ಬಂದಳು, ನಂಬರು ನೋಡಿದಳು, ಭಾಜಿಯ ಚೀಲ ಅಲ್ಲೇ ಬಿಟ್ಟಳು. “ಅಯ್ಯೋ, ಇದು ಶಾಲೀ ಮುಖ್ಯಾಧ್ಯಾಪಕಿಯವರ ನಂಬರ್ರೀ! ನನ್ನ ಫೋನ್ ಹತ್ತದಿದ್ರ ಇರಲಿ ಅಂತ ನಿಮ್ಮ ನಂಬರ್ ಕೊಟ್ಟಿದ್ದೆ.” ಅವಳ ಕಣ್ಣು ತುಂಬಿ ಬಂದವು. ಅಳುಕುತ್ತಲೇ ಆಕೆ ಆ ಮುಖ್ಯಾಧ್ಯಾಪಕಿಗೆ ಫೋನು ಮಾಡಿದಳು. ವೆಬ್‌ಸೈಟಿನ ಕಥೆಯನ್ನೆಲ್ಲ ಹೇಳಿ ಕ್ಷಮೆ ಕೇಳಿದಳು, ಬಹಳ ಹೊತ್ತು ಹೂಂಗುಟ್ಟಿದಳು, ಕೊನೆಗೆ ನಕ್ಕಳು.

“ಸೋಮವಾರ ಸಂದರ್ಶನಕ್ಕ ಬಾ ಅಂದ್ರು. ನಿಮ್ಮ ಯಜಮಾನ್ರು ಭಾಳ ಹುಷಾರ್ ಇದ್ದಾರ, ಈ ಫೈಲಿನ ಮೋಸದ ಬಗ್ಗೆ ನಮ್ಮ ಶಿಕ್ಷಕರಿಗೂ ತಿಳಿಸಿ ಹೇಳೋವ್ರು ಬೇಕಾಗಿತ್ತು ಅಂದ್ರು.”

ನಾನು ಎದ್ದು ನಿಂತು ಅಂಗಿ ಸರಿಮಾಡಿಕೊಂಡೆ. “ನೀ ಏನಂದಿ?”

“ನಮ್ಮ ದೇಸಾಯರು ಚೆಂದ ಹೇಳ್ತಾರ, ಅವ್ರನ್ನ ಕರಕೊಂಡು ಬರ್ತೀನಿ ಅಂದೆ.”

ಸೋಮವಾರ ನಾನು ರಜೆ ಹಾಕಿದ್ದೇನೆ. ಇಬ್ಬರನ್ನೂ ನಾನೇ ಕಾರಿನಲ್ಲಿ ಪಿಂಪ್ರಿಗೆ ಬಿಡಬೇಕು. ದೇಸಾಯರಿಗೆ ಮೊಣಕಾಲು ನೋವಂತೆ, ಮುಂದಿನ ಸೀಟು ಅವರಿಗೆ.