ದೊಡ್ಡದಾಗುವ ದೀಪ

ಬೇಗೂರಿನ ರಾಜಶೇಖರನ ಹಳೇ ಕಾರಿಗೆ ಒಂದು ಹೊಸ ಚಾಳಿ ಅಂಟಿಕೊಂಡಿತ್ತು. ನಿಂತಾಗ ಹೆಡ್‌ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಓಡುವಾಗ ಹಂಪು ಹತ್ತಿ ಇಳಿದರೆ ಎರಡೂ ಒಟ್ಟಿಗೆ ಆರಿಹೋಗುತ್ತಿದ್ದವು. ಇನ್ನೊಂದು ಹಂಪು ಸಿಕ್ಕರೆ ಮತ್ತೆ ಹತ್ತಿಕೊಳ್ಳುತ್ತಿದ್ದವು. ಊರೊಳಗೆ ಹಂಪುಗಳಿಗೆ ಬರವಿಲ್ಲದ್ದರಿಂದ ಒಂದು ತಿಂಗಳು ಹೇಗೋ ಸುಧಾರಿಸಿಕೊಂಡಿದ್ದ.

ಇವತ್ತು ಸುಧಾರಿಸುವಂತಿರಲಿಲ್ಲ. ಸಂಜೆ ಏಳಕ್ಕೆ ಚಾಮರಾಜನಗರದಲ್ಲಿ ಸುಧಾಮಣಿಯನ್ನು ನೋಡುವ ಶಾಸ್ತ್ರ. ಮೂವತ್ತಾರು ದಾಟಿದ ರಾಜಶೇಖರನಿಗೆ ಇದು ಹದಿನಾಲ್ಕನೆಯ ಹೆಣ್ಣು. ಹಿಂದಿನ ಹದಿಮೂರರಲ್ಲಿ ಹನ್ನೆರಡು ಜನ ಬೇಡವೆಂದಿದ್ದರು. ಉಳಿದವಳು ಏನೂ ಹೇಳದೆ ಬೇರೊಬ್ಬನನ್ನು ಮದುವೆಯಾಗಿದ್ದಳು. ಸುಧಾಮಣಿಯನ್ನು ಅವನು ನಂಟರ ಮದುವೆಯಲ್ಲಿ ದೂರದಿಂದ ಕಂಡಿದ್ದ. ಅವತ್ತಿನಿಂದ ಅವನ ನಿದ್ದೆ ಹಾಳಾಗಿತ್ತು.

ಅವಳ ತಂದೆ ಚಿಕ್ಕಮಲ್ಲಪ್ಪನವರು ಮೂವತ್ತು ವರ್ಷ ಬಸ್ಸು ಓಡಿಸಿ, ಒಂದು ಕೋಳಿಗೂ ಗುದ್ದದೆ ನಿವೃತ್ತರಾದವರು. ಅವರು ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. "ಹುಡುಗ ಗಾಡಿ ತಕ್ಕೊಂಡ್ ಬರ್ಲಿ. ಪಕ್ಕದಲ್ಲಿ ಕೂತು ಒಂದು ರೌಂಡ್ ಹೋಯ್ತೀನಿ. ಗಾಡಿ ನೋಡುದ್ರೆ ಮನ್ಸ ಗೊತ್ತಾಯ್ತಾನೆ" ಎಂದು ಹೇಳಿ ಕಳಿಸಿದ್ದರು. ಏಳು ಗಂಟೆಗೆ ರೌಂಡು ಎಂದರೆ ಕತ್ತಲಲ್ಲೇ ರೌಂಡು. ನಡುವೆ ದೀಪ ಕೈಕೊಟ್ಟರೆ ಹದಿನಾಲ್ಕನೆಯದೂ ಕೈಬಿಟ್ಟಂತೆಯೇ.

ನಾಲ್ಕಕ್ಕೆ ತಾಯಿ ಶಾಂತಮಲ್ಲಮ್ಮನನ್ನು ಕೂರಿಸಿಕೊಂಡು ಹೊರಟಾಗ ಪಕ್ಕದ ಮನೆಯ ಮೂಗಯ್ಯ ಕರೆಯದೆಯೇ ಹತ್ತಿ ಕುಳಿತ.

"ಮೂರು ಜನ ಹೋದ್ರೆ ಕೆಲ್ಸ ಕೆಡ್ತದೆ ಅಂತಾರೆ ಕಣ್ಲಾ" ಎಂದ ರಾಜಶೇಖರ.

"ನನ್ನ ಲೆಕ್ಕಕ್ಕೆ ತಕ್ಕೋಬ್ಯಾಡ, ನಾನು ಸುಮ್ಕೆ ಬತ್ತಿವ್ನಿ. ನಡಿ ನಡಿ" ಎಂದ ಮೂಗಯ್ಯ. ಅವನು ಸುಮ್ಮನಿದ್ದದ್ದನ್ನು ಬೇಗೂರಿನಲ್ಲಿ ಯಾರೂ ಕಂಡಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಅಬ್ದುಲ್ ಜಬ್ಬಾರ್ ಅವರ ಆಟೋ ಎಲೆಕ್ಟ್ರಿಕ್ ಅಂಗಡಿ. ಸಾಹೇಬರು ನಮಾಜಿಗೆ ಹೋಗಿದ್ದರು. ಹಣ್ಣು, ಹೂವು ತರಬೇಕಿದ್ದ ರಾಜಶೇಖರ ತಾಯಿಗೆ ಹೇಳಿದ: "ಅವ್ವ, ಅವ್ರು ಬಂದೇಟ್ಗೆ ಹೇಳು, ಓಡ್ತಾ ಓಡ್ತಾ ಲೈಟು ಆರೋಯ್ತದೆ ಅಂತ."

"ಥೂ, ಬುಡ್ತು ಅನ್ನು! ಹೆಣ್ಣು ನೋಡಕ್ ಹೊಂಟಿರೋ ಬಾಯಲ್ಲಿ ಇದೆಂಥ ಮಾತ್ಲಾ?"

"ಬುಡ್ತು" ಎಂದು ಅವನು ಮೂಗಯ್ಯನನ್ನು ಎಳೆದುಕೊಂಡು ಪೇಟೆಗೆ ಓಡಿದ.

ಶಾಂತಮಲ್ಲಮ್ಮನ ಮನೆಯಲ್ಲಿ ದೀಪ ಎಂದೂ ಆರಿದ್ದಿಲ್ಲ, ದೊಡ್ಡದಾಗುತ್ತದೆ. ಹೊರಡುವಾಗ 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನುವಂತೆ, ಆರುವ ದೀಪಕ್ಕೆ ಹಿರಿಯರು ಇಟ್ಟ ಮರ್ಯಾದೆಯ ಮಾತು ಅದು. ಜಬ್ಬಾರ್ ಸಾಹೇಬರಿಗೆ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಆ ಅಂಗಡಿಯ ಕನ್ನಡದಲ್ಲಿ ದೊಡ್ಡದು ಎಂದರೆ ದೊಡ್ಡದೇ.

"ಏನಮ್ಮಾ, ಏನಾಗದೆ ಗಾಡಿಗೆ?" ಎಂದರು ನಮಾಜು ಮುಗಿಸಿ ಬಂದ ಸಾಹೇಬರು.

"ಓಡ್ತಾ ಓಡ್ತಾ ದೀಪ ದೊಡ್ಡದಾಗೋಯ್ತದೆ ಕಣಪ್ಪ."

"ತಾನಾಗೇನಾ? ಯಾರೂ ಸ್ವಿಚ್ ಮುಟ್ಟದೇನಾ?"

"ಯಾರೂ ಮುಟ್ಟಲ್ಲ. ಒಂದು ಹಂಪ್ ಹತ್ತುದ್ರೆ ಸಾಕು, ಎರಡೂ ಒಟ್ಟಿಗೆ ದೊಡ್ಡದಾಗ್ಬುಡ್ತವೆ."

"ಅಯ್ಯೋ, ಎದುರಿಗೆ ಬರೋರ ಗತಿ ಏನಮ್ಮಾ?"

"ಮೊದ್ಲು ನಮ್ ಗತಿ ನೋಡಪ್ಪ!"

ಎದುರಿನವರ ಕಣ್ಣು ಕುಕ್ಕುವ ಹೈಬೀಮು ತಾನಾಗಿಯೇ ಬೀಳುತ್ತಿದೆಯೆಂದು ಸಾಹೇಬರು ತೀರ್ಮಾನಿಸಿದರು. ಹತ್ತು ನಿಮಿಷದಲ್ಲಿ ಅದರ ವೈರು ಕಿತ್ತು, ತುದಿಗೆ ಟೇಪು ಸುತ್ತಿ ಕೈಯೊರೆಸಿಕೊಂಡರು. "ಇನ್ನು ನಿಮ್ ದೀಪ ದೊಡ್ಡದಾಗೋ ಮಾತೇ ಇಲ್ಲ. ಬೇಕು ಅಂದ್ರೂ ಆಗಲ್ಲ!"

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗ" ಎಂದು ಶಾಂತಮಲ್ಲಮ್ಮ ಮನಸಾರೆ ಹರಸಿದರು.

ಹಣ್ಣಿನ ಚೀಲ ಹೊತ್ತು ಬಂದ ರಾಜಶೇಖರನಿಗೆ ಕೆಲಸವಾಗಿದೆ ಎಂದು ಕೇಳಿ ಕುಣಿಯುವಷ್ಟು ಖುಷಿಯಾಯಿತು. ತೆರಕಣಾಂಬಿ ದಾಟುವವರೆಗೂ ಸೀಟಿ ಹೊಡೆದುಕೊಂಡೇ ಓಡಿಸಿದ. ಅಷ್ಟು ಹೊತ್ತಿಗೆ ಪೂರ್ತಿ ಕತ್ತಲಾಗಿತ್ತು. ಒಂದು ಹಂಪು ಬಂತು. ಕಾರು ಹತ್ತಿತು, ಇಳಿಯಿತು, ಮುಂದಿನ ರಸ್ತೆಯೇ ಮಾಯವಾಯಿತು!

"ಲಾರಿ ಕಣ್ಲಾ, ಲಾರಿ! ಎಡಕ್ಕೆ ಎಳ್ಕೊ!" ಎಂದು ಮೂಗಯ್ಯ ಕಿರುಚಿದ. ರಾಜಶೇಖರ ಎಡಕ್ಕೆ ಎಳೆದ. ಕಾರು ಹುಣಸೇಮರವೊಂದರ ಬುಡದವರೆಗೂ ಹೋಗಿ, ಪುಣ್ಯಕ್ಕೆ ಅಲ್ಲೇ ನಿಂತಿತು.

ಅವನು ಕೂಡಲೇ ಫೋನು ಹಚ್ಚಿದ. "ಜಬ್ಬಾರಣ್ಣ, ಲೈಟು ಆರೋಯ್ತು!"

"ಆರೋಯ್ತಾ? ದೊಡ್ಡದಾಯ್ತದೆ ಅಂದ್ರಲ್ಲ ಅಮ್ಮ!"

"ದೊಡ್ಡದಾಗೋದು ಅಂದ್ರೆ ಆರೋದು ಕಣಣ್ಣ!"

"ಯಾವೂರಲ್ಲಿ?"

"ನಮ್ಮವ್ವನ ಬಾಯಲ್ಲಿ!"

ಆ ಕಡೆ ಸಾಹೇಬರು ಒಂದು ಗಳಿಗೆ ತಲೆಯ ಮೇಲೆ ಕೈಹೊತ್ತಿರಬೇಕು. ಆಮೇಲೆ ಸಮಾಧಾನವಾಗಿ ಹೇಳಿದರು: "ಬಾನೆಟ್ ಎತ್ತಿ. ಲೈಟ್ ಹಿಂದೆ ಒಂದು ಕಪ್ಪು ವೈರು ಗಾಡಿ ತಗಡಿಗೆ ಬೋಲ್ಟ್ ಆಗಿರ್ತದೆ. ಅಲ್ಲಾಡ್ತಾ ಇದ್ಯಾ?"

ರಾಜಶೇಖರನಿಗೆ ಅಲ್ಲಿಯವರೆಗೆ ಬಾನೆಟ್ ಎತ್ತುವುದೂ ಗೊತ್ತಿರಲಿಲ್ಲ. ಮೂಗಯ್ಯ ಮೊಬೈಲ್ ಟಾರ್ಚನ್ನು ಆ ವೈರೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಹಿಡಿದ. ಕೊನೆಗೂ ಬೋಲ್ಟು ಸಿಕ್ಕಿತು. ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

"ಅದು ಅರ್ತ್ ವೈರು. ಅದು ಲೂಸಾದ್ರೆ ಎರಡೂ ಲೈಟ್ ಹೋಯ್ತವೆ. ತುಕ್ಕು ಕೆರೆದು ಟೈಟ್ ಮಾಡಿ" ಎಂದರು ಸಾಹೇಬರು ಫೋನಿನಲ್ಲೇ.

ರಾಜಶೇಖರ ಮನೆಯ ಬೀಗದ ಕೈಯಿಂದ ತುಕ್ಕು ಕೆರೆದು, ಡಿಕ್ಕಿಯಲ್ಲಿದ್ದ ಸ್ಪ್ಯಾನರಿನಿಂದ ಬಿಗಿದ. ದೀಪ ಭಗ್ಗನೆ ಹತ್ತಿತು! ಅದೇ ಹಂಪನ್ನು ಹಿಂದೆ ಮುಂದೆ ನಾಲ್ಕು ಸಲ ಹತ್ತಿಸಿದರೂ ಮಿಸುಕಲಿಲ್ಲ. ಮೂವರೂ ರಸ್ತೆಯಲ್ಲೇ ಕೇಕೆ ಹಾಕಿದರು.

"ಕೈ ತೊಳ್ಕೊ ಬಾರ್ಲಾ, ಮಸಿಯಾಗದೆ" ಎಂದು ಶಾಂತಮಲ್ಲಮ್ಮ ನೀರಿನ ಬಾಟಲಿ ತೆಗೆದರು.

ಮೂಗಯ್ಯ ಅದನ್ನು ಕಿತ್ತುಕೊಂಡ. "ತೊಳೀಬ್ಯಾಡ ಕಣ್ಲಾ! ಅವ್ರಪ್ಪ ಡ್ರೈವರ್ರು. ಈ ಕೈ ನೋಡುದ್ರೆ ಇಲ್ಲೇ ತಾಂಬೂಲ ಬದಲಾಯ್ಸನ ಅಂತಾನೆ."

ರಾಜಶೇಖರನಿಗೂ ಅದು ಸರಿಯೆನಿಸಿತು.

ಚಾಮರಾಜನಗರದಲ್ಲಿ ಚಿಕ್ಕಮಲ್ಲಪ್ಪನವರು ಪಕ್ಕದಲ್ಲಿ ಕುಳಿತು ಬೇಕೆಂದೇ ಹಂಪಿರುವ ಬೀದಿಗಳಲ್ಲಿ ತಿರುಗಿಸಿದರು. ದೀಪ ಆರಲಿಲ್ಲ. ಹೈಬೀಮಿನ ವೈರೇ ಇಲ್ಲದ ಕಾರು ಎದುರಿನವರ ಕಣ್ಣಿಗೂ ಹೊಡೆಯಲಿಲ್ಲ. "ಊರೆಲ್ಲ ಡಿಮ್ಮಲ್ಲೇ ಓಡುಸ್ತೀರಿ! ಇದು ಕಣ್ರೀ ಮರ್ಯಾದಸ್ಥರ ಲಕ್ಷಣ" ಎಂದು ಅವರು ಬೆನ್ನು ತಟ್ಟಿದರು. ದಾರಿಯಲ್ಲಿ ಮಾಡಿದ ರಿಪೇರಿಯ ಕತೆ ಕೇಳಿ, ಕಪ್ಪಾದ ಕೈ ನೋಡಿ ಅವರ ಕಣ್ಣು ತುಂಬಿ ಬಂತು. "ಇಂಥ ಅಳಿಯನ್ನೇ ನಾನು ಹುಡುಕ್ತಾ ಇದ್ದಿದ್ದು."

ರಾಜಶೇಖರ ತೇಲುತ್ತಲೇ ಒಳಗೆ ಬಂದು ಕುಳಿತ. ಸುಧಾಮಣಿ ಕಾಫಿ ತಂದಳು. ಲೋಟಕ್ಕೆ ಚಾಚಿದ ಅವನ ಕೈ ನೋಡಿ ನಿಂತುಬಿಟ್ಟಳು.

"ಗಾಡಿ ನೀವೇ ರಿಪೇರಿ ಮಾಡುದ್ರಾ?"

"ಹೂಂ ಕಣ್ರೀ, ನಾನೇ!" ಎಂದು ಅವನು ಎದೆಯುಬ್ಬಿಸಿದ. "ಅರ್ತ್ ಲೂಸಾಗಿತ್ತು."

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಅಪ್ಪ, ಈ ಸಂಬಂಧ ಬ್ಯಾಡ. ಹತ್ತು ವರ್ಷದಿಂದ ಹಿತ್ತಲ ಜೀಪಿನ ಕೆಳಗೆ ನೀವು ಮಲ್ಗೋದು, ನಾನು ಸ್ಪ್ಯಾನರ್ ಹಿಡ್ಕೊಂಡು ನಿಂತ್ಕೊಳೋದು. ನಂಗೆ ಸಾಕಾಗದೆ. ಗಾಡಿ ಬಗ್ಗೆ ಏನೇನೂ ಗೊತ್ತಿಲ್ದಿರೋ ಗಂಡು ಸಿಗ್ಲಿ ಅಂತ ಮಾದಪ್ಪಂಗೆ ಹರಕೆ ಹೊತ್ತಿವ್ನಿ."

ರಾಜಶೇಖರ ಹಾರಿ ಎದ್ದ. "ನಂಗೂ ಏನೂ ಗೊತ್ತಿಲ್ಲ ಕಣ್ರೀ! ಮಾದಪ್ಪನಾಣೆಗೂ ಗೊತ್ತಿಲ್ಲ! ಬಾನೆಟ್ ಎತ್ತಿದ್ದೇ ಇವತ್ತು! ಫೋನಲ್ಲಿ ಕೇಳ್ಕೊಂಡು ಮಾಡಿದ್ದು! ಮೂಗಯ್ಯ, ಹೇಳ್ಲಾ!"

"ಸುಳ್ಳು ಕಣವ್ವ!" ಮೂಗಯ್ಯ ಮುನ್ನುಗ್ಗಿದ. "ನಮ್ ರಾಜಣ್ಣ ಎಂಜಿನ್ ಬಿಚ್ಚಿ ಕಣ್ಮುಚ್ಕೊಂಡು ಜೋಡಿಸ್ಬುಡ್ತಾನೆ."

"ಎಂಥ ವಿನಯ ನೋಡು ಮಗಳೇ" ಎಂದು ಚಿಕ್ಕಮಲ್ಲಪ್ಪನವರು ಗದ್ಗದಿತರಾದರು. ಸುಧಾಮಣಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೀಳ್ಕೊಡುವಾಗ ಆ ಯಜಮಾನರು ಅವನ ಮಸಿ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. "ಅವಳು ಬ್ಯಾಡ ಅಂದ್ರೆ ಏನಂತೆ, ನಮ್ಮ ನಿಮ್ಮ ನಂಟು ಇರ್ಲಿ. ಭಾನುವಾರ ಬೆಳಗ್ಗೆ ಆರಕ್ಕೇ ಬಂದ್ಬುಡಿ. ಜೀಪಿನ ಕೆಳಗೆ ನೀವು ಮಲಗೋರಂತೆ, ಸ್ಪ್ಯಾನರ್ ನಾನು ಕೊಡ್ತೀನಿ."