ಅಳಿಸಲು ಬಾರದ ಪಟ್ಟಿ

ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ಅಳುಕು. ಬೈಯುವವರನ್ನು ಸಂಭಾಳಿಸಬಹುದು, ಕೊರೆಯುವವರ ಮುಂದೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಹುದು. ಆದರೆ ಏನೂ ಹೇಳದೆ ಸುಮ್ಮನೆ ನೋಡುವವರ ಎದುರು ನಾನು ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಹೆಣ್ಣು ನೋಡಲು ಹೋದಾಗ ನನ್ನ ಮಾವನವರು ಒಂದೂವರೆ ಗಂಟೆಯಲ್ಲಿ ಆಡಿದ್ದು "ಹೂಂ" ಎಂಬ ಒಂದೇ ಮಾತು. ಆ ಹೂಂ ಯಾವುದಕ್ಕೆ ಎಂದು ತಿಳಿಯದೆ ಗಾಬರಿಯಾಗಿ, ನಾನು ಕದ್ದು ಸಿಗರೇಟು ಸೇದುವುದನ್ನೂ, ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿ ಪರೀಕ್ಷೆಗೆ ಎರಡು ಸಲ ಕೂತದ್ದನ್ನೂ ಕೇಳದೆಯೇ ಹೇಳಿಬಿಟ್ಟೆ. ಅದಕ್ಕೂ ಅವರು "ಹೂಂ" ಎಂದರು. ಮದುವೆಯಾಯಿತು. ಆ ಹೂಂ ಯಾವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಇಂಥ ನಾನು ತೊಂಬತ್ತರ ದಶಕದಲ್ಲಿ ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಲು ಸೇರಿ, ಶ್ರೀಪಾದರಾಯರ ಕೈಕೆಳಗೆ ಬಿದ್ದೆ. ಅವರು ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯ ಮೇಷ್ಟ್ರು. ಪಂಚಾಂಗ ನೋಡುವ ಮನೆತನ. ತಂದೆ ಬೆರಳೆಣಿಸಿ ತಿಥಿ ಹೇಳುತ್ತಿದ್ದರೆ, ಮಗ ಗಣಿತ ಕಲಿತು, ಗಣಿತದಿಂದ ಕಂಪ್ಯೂಟರಿಗೆ ದಾಟಿದ್ದರು. ಮಾತು ಬಹಳ ಕಡಿಮೆ. ವಿದ್ಯಾರ್ಥಿ ತಪ್ಪು ಬರೆದರೆ ಬೈಯುತ್ತಿರಲಿಲ್ಲ, ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಹುಡುಗರು ಬೆವರುತ್ತಿದ್ದರು. ಪಕ್ಕದಲ್ಲಿ ನಿಂತ ನಾನೂ ಬೆವರುತ್ತಿದ್ದೆ.

ಅವರಿಗೆ ತಕ್ಕ ಭಾಷೆಯೇ ಅವರಿಗೆ ಸಿಕ್ಕಿತ್ತು. ಯಾವುದೋ ಕಾರ್ಯಾಗಾರಕ್ಕೆ ಹೋದಾಗ ಕೆಲವು ಫ್ಲಾಪಿಗಳಲ್ಲಿ ಓಬೆರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತಂದಿದ್ದರು. ಲೋಕವೆಲ್ಲ ಸಿ ಭಾಷೆಯ ಹಿಂದೆ ಓಡುತ್ತಿದ್ದಾಗ ಇವರು ಲ್ಯಾಬಿನ ಮೂಲೆಯ ಯಂತ್ರಕ್ಕೆ ಅದನ್ನು ಹಾಕಿಕೊಂಡು ಕೂತರು. ಅದರ ಚರಿತ್ರೆ ಹೇಳುವಾಗ ಮಾತ್ರ ಅವರಿಗೆ ನಾಲಿಗೆ ಬರುತ್ತಿತ್ತು. "ಅಜ್ಜ ಪಾಸ್ಕಲ್, ಅಪ್ಪ ಮಾಡ್ಯುಲಾ, ಇದು ಮೊಮ್ಮಗ. ಎಲ್ಲಾ ಮನ್ಯಾಗ ಮೊಮ್ಮಕ್ಕಳು ಸಾಮಾನು ಜಾಸ್ತಿ ಮಾಡತಾರ. ಇದು ಅಪ್ಪನ ಮನ್ಯಾಗ ಇದ್ದ ಸಾಮಾನು ಹೊರಗ ಹಾಕ್ಯದ. ಶರಣಪ್ಪ, ಇದರಾಗ ಏನದ ಅಂತ ಕೇಳಬ್ಯಾಡ್ರಿ, ಏನಿಲ್ಲ ಅಂತ ಕೇಳ್ರಿ." ಇಡೀ ಭಾಷೆಯ ವಿವರಣೆ ಹದಿನೈದಿಪ್ಪತ್ತು ಪುಟದಲ್ಲಿ ಮುಗಿದಿತ್ತು. ಎಲ್ಲ ಭಾಷೆಗಳಲ್ಲೂ ಇರುವ 'ಫಾರ್' ಎಂಬ ಸುತ್ತು ಹೊಡೆಸುವ ಸೂಚನೆಯನ್ನೂ ಮೊದಲು ಅದರಲ್ಲಿ ಕಿತ್ತುಹಾಕಿದ್ದರಂತೆ. ಅದನ್ನು ಹೇಳುವಾಗ ರಾಯರ ಮುಖದಲ್ಲಿ ಏಕಾದಶಿ ಉಪವಾಸ ಮಾಡಿದವರ ತೃಪ್ತಿ ಇರುತ್ತಿತ್ತು. ಯುರೇನಸ್ ಗ್ರಹದ ಹತ್ತಿರ ಒಂದು ನೌಕೆ ಹಾದುಹೋದ ಕಾಲದಲ್ಲಿ ಈ ಭಾಷೆ ಹುಟ್ಟಿದ್ದರಿಂದ ಆ ಗ್ರಹದ ಒಂದು ಚಂದ್ರನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. "ತಿಥಿ ಅನ್ನೋದೂ ಚಂದ್ರನ ಲೆಕ್ಕಾನೇ ಅಲ್ಲೇನ್ರಿ?" ಎಂದು ರಾಯರು ಅದರಲ್ಲೇ ತಿಥಿ ಲೆಕ್ಕ ಹಾಕುವ ಒಂದು ಪ್ರೋಗ್ರಾಮು ಬರೆದಿದ್ದರು. ಮನೆತನದ ಹಿರಿಯರ ಹೆಸರು, ತೀರಿಕೊಂಡ ತಾರೀಖು, ಹೊತ್ತು ಕೊಟ್ಟರೆ ಅದು ಶ್ರಾದ್ಧದ ತಿಥಿ ಹೇಳುತ್ತಿತ್ತು.

ಈ ಭಾಷೆಯಲ್ಲಿ ಪ್ರೋಗ್ರಾಮೆಂದರೆ ಮಾಡ್ಯೂಲುಗಳು. "ಮಾಡ್ಯೂಲು ಅಂದರ ಒಂದು ಮನಿ. ಹೊರಗಿನವರಿಗೆ ಗೊತ್ತಾಗಬೇಕಾದ ಹೆಸರಿಗೆ ಬಾಜೂಕ ಒಂದು ನಕ್ಷತ್ರ ಹಾಕಬೇಕು. ಉಳದದ್ದು ಒಳಗಿನ ಖೋಲಿ, ಯಾರಿಗೂ ಕಾಣಂಗಿಲ್ಲ." ಇಷ್ಟರವರೆಗೆ ನನಗೂ ಹಿತವಾಗಿತ್ತು. ಹೆದರಿಸಿದ್ದು ಮುಂದಿನದು. ಪರದೆಯ ಮೇಲೆ ಎಲ್ಲಿಯಾದರೂ ಮಾಡ್ಯೂಲಿನ ಹೆಸರೂ ಕೆಲಸದ ಹೆಸರೂ ಬರೆದಿದ್ದರೆ ಸಾಕು, ಮೌಸಿನ ನಡುವಿನ ಗುಂಡಿಯಿಂದ ಅದನ್ನು ಮುಟ್ಟಿದರೆ ಕೆಲಸ ನಡೆದುಬಿಡುತ್ತದೆ. ಹೆಸರು ಹಿಡಿದು ಕರೆದರೆ ಬರುವ ಹಾಗೆ. ಬಂದ ಮಾಡ್ಯೂಲು ಕೆಲಸ ಮುಗಿಸಿ ಹೋಗುವುದೂ ಇಲ್ಲ. ನಾವಾಗಿ ಕಳಿಸುವ ತನಕ ಯಂತ್ರದ ನೆನಪಿನಲ್ಲಿ ಕೂತೇ ಇರುತ್ತದೆ. ಇನ್ನು ಕೆಲಸ ಸರಿಯಾಗಿ ಆಗಿದ್ದರೆ ಬಾಯಿ ಬಿಡಬಾರದೆಂಬುದು ರಾಯರ ಪ್ರೋಗ್ರಾಮಿನ ನಿಯಮ. ತಪ್ಪಾದರೆ ಮಾತ್ರ ಮಾತು.

ಒಂದು ಗುರುವಾರ ರಾಯರು ಎಂದಿನಂತೆ ಬಸ್ಸು ಹಿಡಿದು ಮನೆಗೆ ಹೋದವರು, ಸಂಜೆ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಹೃದಯ ನಿಂತಿತ್ತು. ಮರುದಿನ ಕಾಲೇಜಿನಲ್ಲಿ ಸಂತಾಪ ಸಭೆಯ ಸೂಚನೆ ಬರೆಯುವ ಕೆಲಸ ನನಗೆ ಬಂತು. ಬೇರೆ ಯಂತ್ರಗಳ ಮುಂದೆಲ್ಲ ಹುಡುಗರಿದ್ದರು. ರಾಯರ ಯಂತ್ರವೊಂದೇ ಖಾಲಿ. ಕಣ್ಣು ಒರೆಸಿಕೊಂಡು ಅಲ್ಲೇ ಕೂತು ಸೂಚನೆ ಟೈಪು ಮಾಡಿದೆ. ಅದನ್ನು ಗುರುತು ಹಾಕಿ, ಮುದ್ರಿಸು ಎಂಬ ಮಾತನ್ನು ಮುಟ್ಟಿದೆ. ಏನೂ ಆಗಲಿಲ್ಲ. ಅದರ ಪಕ್ಕದ್ದನ್ನು ಮುಟ್ಟಿದಾಗ ಕಾಗದ ಬಂತು. ಮುಂದಿನ ಮಂಗಳವಾರ ಸಭೆ ನಡೆಯಿತು.

ಮೂರು ವಾರ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಆ ಯಂತ್ರವನ್ನು ಖಾಲಿ ಮಾಡಿಕೊಡಲು ಪ್ರಿನ್ಸಿಪಾಲರು ಹೇಳಿದರು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಧೂಳು ಬರದಂತೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ರಾಯರ ಕುರ್ಚಿಯ ಬೆನ್ನಿಗೆ ಅವರ ಟವೆಲ್ಲು ಹಾಗೇ ಇತ್ತು. ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ನಿಂತುಕೊಂಡೇ, ಅವರು ಬರೆದಿಟ್ಟ ಹೆಸರುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದೆ. ಒಂದನ್ನು ಮುಟ್ಟಿದ ಕೂಡಲೇ ನನ್ನ ಬೆನ್ನ ಹಿಂದೆ ಪ್ರಿಂಟರು ಕರಕರನೆ ಶುರುವಾಯಿತು. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿ ಉರುಳಿಸಿದೆ.

ಅದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಶ್ರಾದ್ಧದ ಪಟ್ಟಿ. ಅಜ್ಜ, ಅಜ್ಜಿ, ತಂದೆ, ತಾಯಿ, ಒಬ್ಬ ಕಾಕಾ, ಹೀಗೆ ಪುಟದ ತುಂಬ ಹೆಸರುಗಳು. ಪುಟದ ಕೊನೆಯ ಸಾಲನ್ನು ಬೆರಳಿಟ್ಟು ಓದಿದೆ. ಶ್ರೀಪಾದರಾವ್, ಕೃಷ್ಣಪಕ್ಷ ದಶಮಿ. ತೀರಿಕೊಂಡ ಮನುಷ್ಯ ತನ್ನ ತಿಥಿಯನ್ನು ತಾನೇ ಬರೆದಿಟ್ಟಿದ್ದ! ನಾನು ಆ ಪುಟವನ್ನು ಹರಿದುಕೊಂಡು, ಪ್ರಿಂಟರನ್ನು ಅದರ ಪಾಡಿಗೆ ಬಿಟ್ಟು, ಲ್ಯಾಬಿಗೆ ಬೀಗ ಹಾಕಿದೆ. ನೆಹರು ಗಂಜಿನಲ್ಲಿದ್ದ ನಮ್ಮ ಮನೆ ಸೇರುವ ತನಕ ಹಿಂದೆ ತಿರುಗಿ ನೋಡಲಿಲ್ಲ. ವಿಜ್ಞಾನದ ಮೇಷ್ಟ್ರು ಹಿಂದೆ ತಿರುಗಿ ನೋಡಬಾರದೆಂದು ನಿಯಮವೇನಿಲ್ಲ, ಆದರೂ ನೋಡಲಿಲ್ಲ.

ಕಾಗದವನ್ನು ಮನೆಯಲ್ಲಿಟ್ಟುಕೊಳ್ಳುವ ಧೈರ್ಯವಿಲ್ಲದೆ ಭಾನುವಾರ ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದೆ. ರಾಯರ ಮನೆಯ ಪಡಸಾಲೆಯಲ್ಲಿ ಜಗಳ ನಡೆದಿತ್ತು. ತಮ್ಮ ವೆಂಕಟರಾಯರು ಒಂದು ಕಡೆ, ಪುರೋಹಿತರು ಇನ್ನೊಂದು ಕಡೆ. ಆ ಗುರುವಾರ ಸಂಜೆ ದಶಮಿ ಮುಗಿದು ಏಕಾದಶಿ ಹಿಡಿಯುವ ಹೊತ್ತಿಗೇ ರಾಯರ ಪ್ರಾಣ ಹೋಗಿತ್ತು. ಡಾಕ್ಟರು ಬರೆದುಕೊಟ್ಟದ್ದು ಐದು ನಲವತ್ತು. ಆ ಲೆಕ್ಕದಲ್ಲಿ ಏಕಾದಶಿ ಹಿಡಿದಿತ್ತು, ಏಕಾದಶಿಗೆ ಶ್ರಾದ್ಧವಿಲ್ಲ, ದ್ವಾದಶಿಗೆ ಮಾಡಬೇಕೆಂದು ಪುರೋಹಿತರು. ದಶಮಿಯೇ ಎಂದು ತಮ್ಮ. ತಿಂಗಳ ಶ್ರಾದ್ಧವಾದ ಮೊದಲ ಮಾಸಿಕ ಬರುವ ಶುಕ್ರವಾರವೋ ಭಾನುವಾರವೋ ತೀರ್ಮಾನವಾಗದೆ ಇಬ್ಬರೂ ಮುಖ ತಿರುಗಿಸಿ ಕೂತಿದ್ದರು. ರಾಯರ ಹೆಂಡತಿ, ನಾವು ವೈನಿ ಎನ್ನುವವರು, ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದರು.

ನಾನು ಕಾಗದ ಕೊಟ್ಟೆ. ವೆಂಕಟರಾಯರು ಓದಿದರು.

"ಅಣ್ಣಾನೇ ಹೇಳ್ಯಾನ," ಎಂದರು.

ಪುರೋಹಿತರು ಕನ್ನಡಕ ಏರಿಸಿ ಎರಡು ಸಲ ನೋಡಿ, ಕಾಗದವನ್ನು ಕಣ್ಣಿಗೊತ್ತಿಕೊಂಡರು. "ರಾಯರ ಲೆಕ್ಕದ ಮುಂದ ನಂದೇನ್ರಿ? ದಶಮಿನೇ ಆಗ್ಲಿ."

ವೈನಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಬರುವಾಗ ನನ್ನ ಕೈಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟರು. ಒಂದು ಮನೆಯ ಜಗಳ ಹರಿಯಿತು, ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಎಂದುಕೊಂಡು ಬಸ್ಸಿನಲ್ಲಿ ಎರಡು ಹಣ್ಣು ತಿಂದೆ.

ಸೋಮವಾರ ಲ್ಯಾಬು ತೆರೆದರೆ ಪ್ರಿಂಟರಿನ ಬಾಯಲ್ಲಿ ಎರಡನೆಯ ಪುಟ ನೇತಾಡುತ್ತಿತ್ತು. ಅದರಲ್ಲಿ ಒಂದೇ ಸಾಲು. ಶರಣಪ್ಪ, ಅಮಾವಾಸ್ಯೆ.

ಶರಣಪ್ಪ ಎಂದರೆ ನಾನು. ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ.

ಮುಂದಿನ ಎರಡು ದಿನ ನಾನು ಹೇಗಿದ್ದೆ ಎಂಬುದನ್ನು ನನ್ನ ಹೆಂಡತಿಯೇ ಹೇಳಬೇಕು. ಜೀವಮಾನದಲ್ಲಿ ಮೊದಲ ಸಲ ಅವಳ ಅಡುಗೆಯನ್ನು ಹೊಗಳಿದೆನಂತೆ. ಅವಳು ಗಾಬರಿಯಾಗಿ, "ಏನ್ ಮಾಡಿ ಬಂದೀರಿ, ಖರೇ ಹೇಳ್ರಿ," ಎಂದು ಗಂಟುಬಿದ್ದಳು. ನಮ್ಮ ಮನೆಯಲ್ಲಿ ಶ್ರಾದ್ಧದ ಪದ್ಧತಿಯೇ ಇಲ್ಲ. ಹಾಗಿರುವಾಗ ನನ್ನ ಹೆಸರಿಗೆ ತಿಥಿ ಯಾಕೆ ಬಂತು ಎಂದು ಯಾರನ್ನು ಕೇಳುವುದು? ಕೊನೆಗೆ ಬುಧವಾರ ಹಗಲಲ್ಲಿ, ಇಬ್ಬರು ವಿದ್ಯಾರ್ಥಿಗಳನ್ನು ಸುಮ್ಮನೆ ಪಕ್ಕದಲ್ಲಿ ಕೂರಿಸಿಕೊಂಡು, ರಾಯರ ಪ್ರೋಗ್ರಾಮನ್ನು ಓದಿದೆ. ಮೂರೇ ಪುಟ. ಒಂದು ಸಾಲೂ ಹೆಚ್ಚಿಲ್ಲ. ಎರಡನೆಯ ಪುಟಕ್ಕೆ ಬಂದಾಗ ಎಲ್ಲ ತಿಳಿಯಿತು. 'ಕೂಡಿಸು' ಎಂಬ ಕೆಲಸವನ್ನು ಮುಟ್ಟಿದರೆ ಅದು ಪರದೆಯಲ್ಲಿ ಗುರುತು ಹಾಕಿದ ಬರಹವನ್ನು ಓದಿ, ಹೆಸರು, ತಾರೀಖು, ಹೊತ್ತು ಮೂರೂ ಇರುವ ಸಾಲುಗಳನ್ನು ಮಾತ್ರ ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ಅಂದು ನಾನು ಮುದ್ರಿಸು ಎಂದುಕೊಂಡು ಒದ್ದೆಗಣ್ಣಲ್ಲಿ ಮೊದಲು ಮುಟ್ಟಿದ್ದು 'ಕೂಡಿಸು'. ಏನೂ ಆಗಲಿಲ್ಲವೆಂದು ನಾನು ತಿಳಿದೆ. ಆಗಿತ್ತು, ಅದಕ್ಕೇ ಅದು ಬಾಯಿ ಬಿಟ್ಟಿರಲಿಲ್ಲ. ಸೂಚನೆಯ ಮೊದಲ ಸಾಲಿನಲ್ಲಿ ರಾಯರ ಹೆಸರು, ತೀರಿಕೊಂಡ ತಾರೀಖು, ಹೊತ್ತು. ಕೊನೆಯ ಸಾಲಿನಲ್ಲಿ ಸಂಚಾಲಕ ಶರಣಪ್ಪ, ಸಭೆಯ ತಾರೀಖು, ಹನ್ನೊಂದು ಗಂಟೆ. ಸಭೆ ನಡೆದದ್ದು ಅಮಾವಾಸ್ಯೆಯ ದಿನ.

ನಗು ಬರಬೇಕಾಗಿತ್ತು. ಆದರೆ ಸೂಚನೆಯ ಮೊದಲ ಸಾಲು ಮತ್ತೆ ನೋಡಿದಾಗ ಬರಲಿಲ್ಲ. ಹೊತ್ತು ಸರಿಯಾಗಿ ಗೊತ್ತಿಲ್ಲದೆ ನಾನು ಅಂದಾಜಿನಲ್ಲಿ ಐದೂವರೆ ಎಂದು ಹಾಕಿದ್ದೆ. ಆ ಅಂದಾಜಿನ ಮೇಲೆ ಯಂತ್ರ ದಶಮಿ ಎಂದಿತ್ತು. ಯಂತ್ರ ಹೇಳಿತೆಂದು ಒಂದು ಮನೆತನ ಶುಕ್ರವಾರ ಮಾಸಿಕಕ್ಕೆ ಕೂರಲಿತ್ತು.

ಗುರುವಾರ ಮತ್ತೆ ಕಮಲಾಪುರಕ್ಕೆ ಹೋದೆ. ವೈನಿ ಹಿತ್ತಲಲ್ಲಿ ಎಳ್ಳು ಹಸನು ಮಾಡುತ್ತಿದ್ದರು.

"ವೈನಿ, ಅದು ಸರ್ ಬರದಿಟ್ಟದ್ದಲ್ರಿ. ನನ್ನ ಕೈತಪ್ಪಿನಿಂದ ಆಗ್ಯದ. ಐದೂವರಿ ಅಂತ ನಾನೇ ಅಂದಾಜಿಗೆ ಹಾಕಿದ್ದೆ," ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಮೊರ ಕೆಳಗಿಟ್ಟರು. "ನಿಮ್ಮ ಅಂದಾಜು ಖರೇನೇ ಅದರಿ. ಐದೂವರಿಗೆ ಚಹಾ ತಗೊಂಡು ಹೋದೆ. ಅಷ್ಟೊತ್ತಿಗೇ ಹೋಗಿದ್ದರು. ಡಾಕ್ಟರು ಬಂದು ಕೈ ಹಿಡಿದು ನೋಡಿ ಬರಕೊಳ್ಳೋದರಾಗ ಐದು ನಲವತ್ತಾತು."

"ಮತ್ತ ಅವರಿಬ್ಬರೂ ಜಗಳಾಡಾಕತ್ತಾಗ ಯಾಕ ಹೇಳಲಿಲ್ರಿ?"

"ಹೇಳಿದ್ದೆ. ಮೂರು ಸರ್ತಿ ಹೇಳಿದ್ದೆ. ಮಷೀನು ಒಂದೇ ಸರ್ತಿ ಹೇಳ್ತು, ಕೇಳಿದರು."

ಆ ಪಡಸಾಲೆಯಲ್ಲಿ ಅವರು ನೆಲ ನೋಡುತ್ತಾ ನಿಂತದ್ದನ್ನು ನಾನೂ ನೋಡಿದ್ದೆ, ನಾನೂ ಅವರನ್ನು ಕೇಳಿರಲಿಲ್ಲ. ಮಾತು ಬದಲಿಸಲು ಜೇಬಿನಿಂದ ಎರಡನೆಯ ಪುಟ ತೆಗೆದು ತೋರಿಸಿದೆ. ಅವರು ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಿಂಗಳಾದ ಮೇಲೆ ಆ ಮನೆಯಲ್ಲಿ ಮೊದಲ ಸಲ ನಗು ಕೇಳಿತೇನೋ.

"ಅಯ್ಯ, ನೀವೂ ನಮ್ಮ ಮನಿ ಹಿರಿಯರೊಳಗ ಸೇರಿಬಿಟ್ರೇನು!"

"ಅಳಿಸಬೇಕಂತ ನೋಡಿದೆ ವೈನಿ. ಅಳಿಸೋ ಕೆಲಸಾನೇ ಸರ್ ಬರದಿಲ್ಲ."

"ಹೌದ್ರಿ. ತಪ್ಪಿ ಯಾರದಾರ ಹೆಸರು ಬಂದರ ಹೆಂಗ ಅಂತ ನಾನೂ ಒಮ್ಮೆ ಕೇಳಿದ್ದೆ." ಅವರು ಮೊರವನ್ನು ಮತ್ತೆ ಕೈಗೆತ್ತಿಕೊಂಡರು. "ತಪ್ಪಿ ಬಂದರೂ ಎಂದಾರ ಒಂದಿನ ಖರೇ ಆಗೇ ಆಗತದ, ಮತ್ಯಾಕ ಅಳಿಸೋದು, ಅಂದಿದ್ದರು."

ಬಿಸಿಲು ನೆತ್ತಿಯ ಮೇಲಿತ್ತು. ಆದರೂ ಆ ಹಿತ್ತಲಲ್ಲಿ ನನಗೆ ಚಳಿಯಾಯಿತು.

ಶುಕ್ರವಾರ ಮಾಸಿಕ ಸಾಂಗವಾಗಿ ನಡೆಯಿತು. ಅಮಾವಾಸ್ಯೆಯ ದಿನ ನಾನು ಮೈ ಸರಿಯಿಲ್ಲವೆಂದು ಹೇಳಿ ಬೆಳಗಿನಿಂದ ಸಂಜೆಯ ತನಕ ಮಂಚದ ಮೇಲೆ ನೆಟ್ಟಗೆ ಮಲಗಿದ್ದೆ. ಫ್ಯಾನಿನ ಕೆಳಗಿನಿಂದ ಮಂಚವನ್ನು ಸರಿಸಿಕೊಂಡಿದ್ದೆ. ಏನೂ ಆಗಲಿಲ್ಲ. ಆದರೆ ಏನೂ ಆಗಲಿಲ್ಲ ಎನ್ನುವುದರ ಮೇಲೆ ನನಗೆ ಮೊದಲಿನ ನಂಬಿಕೆ ಉಳಿದಿರಲಿಲ್ಲ.

ಆಮೇಲೆ ಒಂದು ದಿನ ಧೈರ್ಯ ಮಾಡಿ ರಾಯರ ಮೂರು ಪುಟಕ್ಕೆ ನಾಲ್ಕನೆಯದನ್ನು ಸೇರಿಸಿ, ಅಳಿಸುವ ಕೆಲಸವನ್ನೂ ಬರೆದೆ. ಯಂತ್ರ ಒಪ್ಪಿಕೊಂಡಿತು, ತಪ್ಪೇನೂ ಹೇಳಲಿಲ್ಲ. ನನ್ನ ಹೆಸರಿಗೆ ಗುರುತು ಹಾಕಿ ನಡುವಿನ ಗುಂಡಿಯ ಮೇಲೆ ಬೆರಳಿಟ್ಟೆ. ಬೆರಳು ಇಳಿಯಲಿಲ್ಲ. ಅಳಿಸು ಎಂಬ ಮಾತಿನ ಒಳಗೇ ಅಳಿ ಎಂಬುದೂ ಕೂತಿರುವುದು ಆಗ ನೋಡಿ ನನಗೆ ಕಂಡದ್ದು! ಶರಣಪ್ಪ ಪಟ್ಟಿಯಿಂದ ಹೋಗುತ್ತಾನೋ, ಇನ್ನೆಲ್ಲಿಂದಾದರೂ ಹೋಗುತ್ತಾನೋ, ಆ ಮಾತು ಕಡಿಮೆಯ ಯಂತ್ರ ಹೇಳಲಾರದು. ನಾಲ್ಕನೆಯ ಪುಟವನ್ನು ಯಂತ್ರದಿಂದಲೇ ಕಿತ್ತುಹಾಕಿದೆ.

ಖಾಲಿ ಮಾಡದ ಆ ಯಂತ್ರ ಉಗ್ರಾಣ ಸೇರಿ, ಓಬೆರಾನ್ ಎಂದರೆ ಹುಡುಗರು ಯಾವುದೋ ಮಾತ್ರೆಯ ಹೆಸರೆಂದು ತಿಳಿಯುವ ಕಾಲ ಬಂದಿದೆ. ಪಟ್ಟಿಯ ಒಂದು ಪ್ರತಿ ವೈನಿಯ ದೇವರ ಮನೆಯಲ್ಲಿದೆ, ಯಾರೂ ಅದನ್ನು ತಿದ್ದಿಲ್ಲ. ನಾನೂ ವಿಚಾರವಂತ ಮನುಷ್ಯ, ಇಂಥವನ್ನೆಲ್ಲ ನಂಬುವುದಿಲ್ಲವೆಂದು ತರಗತಿಯಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ. ವರ್ಷಕ್ಕೊಮ್ಮೆ ಆ ಅಮಾವಾಸ್ಯೆ ಬಂದಾಗ ಮಾತ್ರ ಕಾಲೇಜಿಗೆ ಒಂದು ದಿನ ರಜೆ ಹಾಕುತ್ತೇನೆ. ಅರ್ಜಿಯಲ್ಲಿ ಕಾರಣ ಕೇಳುವ ಜಾಗದಲ್ಲಿ 'ಸ್ವಂತ ಕೆಲಸ' ಎಂದು ಬರೆಯುತ್ತೇನೆ.